ಹುಲ್ಲಿನ ಬಂಡಿಯ ಚಿತ್ರಕಾರ: ಜಾನ್ ಕಾನ್‌ಸ್ಟೆಬಲ್

ಬೋಧನಾಭ್ಯಾಸದ ಎರಡನೇ ವಾರದಲ್ಲಿ ಎಂಟನೇ ತರಗತಿಗೆ ಮೋಡಗಳ ವಿಧಗಳ ಬಗ್ಗೆ ಪಾಠ ಮಾಡಬೇಕಿತ್ತು. ಪಠ್ಯದಲ್ಲಿರುವ ರೇಖಾಚಿತ್ರ ಸಾಲದು ಎನ್ನಿಸಿ, ಒಂದು ಪ್ರಸಿದ್ಧ ವರ್ಣಚಿತ್ರದ ಪ್ರಿಂಟ್ ತೆಗೆಸಿ ರಟ್ಟಿಗೆ ಅಂಟಿಸಿಕೊಂಡು ಹೋದೆ. ಅದು ಇಂಗ್ಲೆಂಡಿನ ಜಾನ್ ಕಾನ್‌ಸ್ಟೆಬಲ್ 1821ರಲ್ಲಿ ಬರೆದ ದಿ ಹೇ ವೇನ್, ಅಂದರೆ ಹುಲ್ಲಿನ ಬಂಡಿ. ಚಿತ್ರಕಾರನ ಹೆಸರು ಹೇಳುತ್ತಿದ್ದಂತೆ ತರಗತಿ ನಕ್ಕಿತು. ಪೊಲೀಸರೂ ಚಿತ್ರ ಬರೆಯುತ್ತಾರಾ ಎಂದು ಒಬ್ಬ ಕೇಳಿದ. ಆಸಕ್ತಿ ಮೂಡಿತು ಎಂದು ನನಗೂ ಖುಷಿಯಾಯಿತು. ಚಿತ್ರದ ಆಕಾಶ ತೋರಿಸಿ ರಾಶಿ ಮೋಡ ಯಾವುದು, ಪದರು ಮೋಡ ಯಾವುದು ಎಂದು ಕೇಳುತ್ತಾ ಹೋದೆ. ಉತ್ತರಗಳೂ ಚೆನ್ನಾಗಿಯೇ ಬಂದವು.

ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ಹತ್ತಿರ ಬಂದು ಚಿತ್ರದ ಬಲಭಾಗದ ಗದ್ದೆಯ ಮೇಲೆ ಬೆರಳಿಟ್ಟಳು. ಅಲ್ಲಿ ಸಣ್ಣ ಸಣ್ಣ ಬಿಳಿ ಚುಕ್ಕೆಗಳಿದ್ದವು. ಇವರು ಕೆಲಸದವರಲ್ಲವಾ ಟೀಚರ್, ಇವರನ್ನು ಯಾಕೆ ಇಷ್ಟು ಚಿಕ್ಕದಾಗಿ ಬರೆದಿದ್ದಾರೆ, ಈ ಗದ್ದೆ ಯಾರದ್ದು ಎಂದು ಕೇಳಿದಳು. ಆ ಚುಕ್ಕೆಗಳನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಇವತ್ತಿನ ಪಾಠ ಮೋಡ, ಅದನ್ನು ಆಮೇಲೆ ನೋಡೋಣ ಎಂದು ಅವಳನ್ನು ಕೂರಿಸಿದೆ. ಗಂಟೆ ಹೊಡೆಯಿತು. ಮಾರ್ಗದರ್ಶಕ ಶಿಕ್ಷಕರು ಅವಲೋಕನ ಪತ್ರದಲ್ಲಿ ಉಳಿದೆಲ್ಲಕ್ಕೂ ಉತ್ತಮ ಎಂದು ಬರೆದು, ಕೊನೆಯಲ್ಲಿ ಒಂದು ಪ್ರಶ್ನೆ ಹಾಗೇ ಉಳಿಯಿತು ಎಂದು ಸೇರಿಸಿದ್ದರು.

ಆ ಸಾಲು ನನ್ನನ್ನು ಕಾಡಿತು. ನನ್ನ ಅಜ್ಜಿ ಬೇರೆಯವರ ಗದ್ದೆಗೆ ಕಳೆ ಕೀಳಲು ಹೋಗುತ್ತಿದ್ದವರು. ರಸ್ತೆಯಲ್ಲಿ ನಿಂತು ನೋಡಿದವರಿಗೆ ಅವರೂ ಒಂದು ಚುಕ್ಕೆಯಾಗಿಯೇ ಕಂಡಿರಬೇಕು. ಅಂಥ ಮನೆಯಿಂದ ಬಂದ ನಾನೇ ಆ ಚಿತ್ರದಲ್ಲಿ ಮೋಡ ಮಾತ್ರ ನೋಡಿದ್ದೆ. ಆ ಹುಡುಗಿಗೆ ಉತ್ತರ ಕೊಡಬೇಕೆಂದು ಕಾನ್‌ಸ್ಟೆಬಲ್‌ನ ಜೀವನವನ್ನು ಓದತೊಡಗಿದೆ. ನಾನು ತಿಳಿದುಕೊಂಡದ್ದನ್ನು ಚಿತ್ರಗಳನ್ನು ಬೋಧನೋಪಕರಣವಾಗಿ ಬಳಸುವ ನನ್ನಂಥ ಪ್ರಶಿಕ್ಷಣಾರ್ಥಿಗಳಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಗಿರಣಿ ಮಾಲೀಕರ ಮಗ

ಜಾನ್ ಕಾನ್‌ಸ್ಟೆಬಲ್ ಹುಟ್ಟಿದ್ದು 1776ರ ಜೂನ್ 11ರಂದು, ಇಂಗ್ಲೆಂಡಿನ ಪೂರ್ವ ಭಾಗದ ಸಫೋಕ್ ಜಿಲ್ಲೆಯ ಈಸ್ಟ್ ಬರ್ಗ್‌ಹೋಲ್ಟ್ ಎಂಬ ಹಳ್ಳಿಯಲ್ಲಿ. ತಂದೆ ಗೋಲ್ಡಿಂಗ್ ಕಾನ್‌ಸ್ಟೆಬಲ್ ಅನುಕೂಲಸ್ಥ ಧಾನ್ಯ ವ್ಯಾಪಾರಿ. ಸ್ಟೌರ್ ನದಿಯ ದಡದ ಫ್ಲ್ಯಾಟ್‌ಫರ್ಡ್ ಮತ್ತು ಡೆಡಮ್ ಎಂಬ ಎರಡು ಕಡೆ ಅವರಿಗೆ ನೀರಿನಿಂದ ತಿರುಗುವ ಹಿಟ್ಟಿನ ಗಿರಣಿಗಳಿದ್ದವು. ಧಾನ್ಯವನ್ನು ಲಂಡನ್ನಿಗೆ ಸಾಗಿಸಲು ಸ್ವಂತದ ಒಂದು ಸಣ್ಣ ಹಡಗೂ ಇತ್ತು. ಸ್ಟೌರ್ ನದಿ ಆ ಕುಟುಂಬಕ್ಕೆ ಸರಕು ಸಾಗಣೆಯ ಹೆದ್ದಾರಿ. ನೀರಿನ ಮಟ್ಟ ಏರಿಳಿಸುವ ಲಾಕ್‌ಗಳನ್ನು ಅಲ್ಲಲ್ಲಿ ಕಟ್ಟಿ, ದಡದ ಮೇಲೆ ನಡೆಯುವ ಕುದುರೆಗಳಿಂದ ಸರಕು ದೋಣಿಗಳನ್ನು ಎಳೆಸುತ್ತಿದ್ದರು. ಈ ಒಂದು ವಿಷಯ ಗೊತ್ತಾದರೆ ಕಾನ್‌ಸ್ಟೆಬಲ್‌ನ ಅರ್ಧದಷ್ಟು ಚಿತ್ರಗಳು ಬೇರೆ ರೀತಿ ಕಾಣತೊಡಗುತ್ತವೆ. ನಾವು ಸುಂದರ ನದಿ ಎಂದುಕೊಳ್ಳುವ ಜಾಗ ಅಪ್ಪನ ವ್ಯವಹಾರದ ಜಾಗ.

ಜಾನ್ ಎರಡನೇ ಮಗ. ಅಣ್ಣನಿಗೆ ಬೌದ್ಧಿಕ ಅಸಮರ್ಥತೆ ಇದ್ದುದರಿಂದ ವ್ಯಾಪಾರ ಜಾನ್‌ನ ಹೆಗಲಿಗೆ ಬರಬೇಕಿತ್ತು. ಲ್ಯಾವೆನಮ್‌ನ ವಸತಿ ಶಾಲೆಯಲ್ಲಿ ಸ್ವಲ್ಪ ಕಾಲ, ಆಮೇಲೆ ಡೆಡಮ್‌ನ ಶಾಲೆಯಲ್ಲಿ ಓದಿದ ಹುಡುಗ, ಶಾಲೆ ಮುಗಿದ ಮೇಲೆ ಕೆಲವು ವರ್ಷ ಧಾನ್ಯದ ಕೆಲಸವನ್ನೇ ಮಾಡಿದ. ಊರಿನಲ್ಲಿ ಕೊಳಾಯಿ ಮತ್ತು ಗಾಜಿನ ಕೆಲಸ ಮಾಡುತ್ತಿದ್ದ ಜಾನ್ ಡನ್‌ಥಾರ್ನ್ ಎಂಬ ಗೆಳೆಯನ ಜೊತೆ ಬಿಡುವು ಸಿಕ್ಕಾಗ ಬಯಲಿಗೆ ಹೋಗಿ ಚಿತ್ರ ಬರೆಯುತ್ತಿದ್ದ. ಕೊನೆಗೆ ತಂದೆ ಒಪ್ಪಿ ಖರ್ಚಿಗೆ ಹಣ ಕೊಟ್ಟರು. 1799ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯ ಕಲಾಶಾಲೆ ಸೇರಿದಾಗ ಆತನಿಗೆ 22 ವರ್ಷ. ಗಿರಣಿಗಳ ಹೊಣೆ ಮುಂದೆ ತಮ್ಮ ಅಬ್ರಾಮ್‌ಗೆ ಹೋಯಿತು.

ನಾವು ಶಿಕ್ಷಕರಾಗುವವರು ಗಮನಿಸಬೇಕಾದ ಒಂದು ಘಟನೆ 1802ರಲ್ಲಿ ನಡೆಯಿತು. ಮಿಲಿಟರಿ ಕಾಲೇಜೊಂದರಲ್ಲಿ ಚಿತ್ರಕಲಾ ಶಿಕ್ಷಕನ ಕೆಲಸ ಆತನಿಗೆ ಸಿಗುವಂತಿತ್ತು. ಸಂಬಳ ಖಾತ್ರಿ, ಬದುಕು ನಿಶ್ಚಿಂತೆ. ಆತ ಬೇಡವೆಂದ. ಬೇರೆ ಚಿತ್ರಕಾರರ ಕೃತಿಗಳನ್ನು ನಕಲು ಮಾಡುವುದು ಬಿಟ್ಟು, ತನ್ನ ಊರಿನ ಗದ್ದೆ, ನದಿ, ಆಕಾಶವನ್ನು ಎದುರಿಗಿಟ್ಟುಕೊಂಡೇ ಕಲಿಯಬೇಕೆಂದು ಹಳ್ಳಿಗೆ ಮರಳಿದ. ಅಂದಿನ ಕಲಾವಲಯದಲ್ಲಿ ಪುರಾಣ ಮತ್ತು ಇತಿಹಾಸದ ದೃಶ್ಯಗಳೇ ಮೇಲ್ಮಟ್ಟದ ವಸ್ತು. ಹಳ್ಳಿಯ ಗಿರಣಿ, ಕೊಳೆತ ಹಲಗೆ, ಕೆಸರಿನ ದಡ ಯಾರಿಗೂ ಬೇಕಿರಲಿಲ್ಲ. ಹೊಟ್ಟೆಪಾಡಿಗಾಗಿ ಆತ ಶ್ರೀಮಂತರ ಭಾವಚಿತ್ರಗಳನ್ನು ಬರೆಯಬೇಕಾಯಿತು.

ನಲವತ್ತರ ಮದುವೆ

1809ರ ಹೊತ್ತಿಗೆ ಮರಿಯಾ ಬಿಕ್ನೆಲ್ ಎಂಬಾಕೆಯನ್ನು ಆತ ಪ್ರೀತಿಸಿದ. ಆಕೆಯ ಅಜ್ಜ ಈಸ್ಟ್ ಬರ್ಗ್‌ಹೋಲ್ಟ್ ಚರ್ಚಿನ ಪಾದ್ರಿ. ಸರಿಯಾದ ಆದಾಯವಿಲ್ಲದ ಚಿತ್ರಕಾರನಿಗೆ ಮೊಮ್ಮಗಳನ್ನು ಕೊಡಲು ಅವರು ಸುತರಾಂ ಒಪ್ಪಲಿಲ್ಲ. ಮದುವೆಯಾದರೆ ಆಸ್ತಿಯಲ್ಲಿ ಪಾಲಿಲ್ಲ ಎಂಬ ಬೆದರಿಕೆಯೂ ಇತ್ತು. ಇಬ್ಬರೂ ಏಳು ವರ್ಷ ಪತ್ರಗಳಲ್ಲೇ ಕಾದರು. 1815ರಲ್ಲಿ ತಾಯಿ, 1816ರಲ್ಲಿ ತಂದೆ ತೀರಿಕೊಂಡರು. ಕುಟುಂಬದ ವ್ಯವಹಾರದಲ್ಲಿ ಐದನೇ ಒಂದು ಪಾಲು ಜಾನ್‌ಗೆ ಬಂತು. ಅದೇ 1816ರ ಅಕ್ಟೋಬರ್‌ನಲ್ಲಿ ಮದುವೆ ನಡೆಯಿತು. ಆತನಿಗೆ 40, ಆಕೆಗೆ 28. ಅಂದರೆ ಹುಲ್ಲಿನ ಬಂಡಿಯಂಥ ಚಿತ್ರಗಳನ್ನು ಬರೆಯಲು ಬೇಕಾದ ಬಿಡುವನ್ನು ಆತನಿಗೆ ಕೊಟ್ಟದ್ದು ಗಿರಣಿಯ ಮತ್ತು ಗದ್ದೆಯ ವರಮಾನವೇ.

1816 ಎಂಬ ಈ ವರ್ಷವನ್ನು ವಿಜ್ಞಾನದವಳಾದ ನಾನು ಸುಮ್ಮನೆ ದಾಟಲಾರೆ. ಹಿಂದಿನ ವರ್ಷ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದಿತ್ತು. ಅದರ ಧೂಳು ಮತ್ತು ಗಂಧಕದ ಕಣಗಳು ವಾಯುಮಂಡಲದಲ್ಲಿ ಹರಡಿ ಯುರೋಪಿನಲ್ಲಿ ಬೇಸಿಗೆಯೇ ಇಲ್ಲದಂತಾಯಿತು. ಬೆಳೆ ಕೆಟ್ಟಿತು. ಅದಕ್ಕೂ ಮೊದಲೇ, ಆ ವರ್ಷದ ಮೇ ತಿಂಗಳಲ್ಲಿ, ಕಾನ್‌ಸ್ಟೆಬಲ್‌ನ ಊರಿರುವ ಪೂರ್ವ ಇಂಗ್ಲೆಂಡಿನಲ್ಲೇ ಕೂಲಿಕಾರರು ರೊಟ್ಟಿಗಾಗಿ ದಂಗೆ ಎದ್ದಿದ್ದರು. ಲಿಟಲ್‌ಪೋರ್ಟ್ ಮತ್ತು ಈಲಿಯ ಗಲಭೆಗಾಗಿ ಐದು ಮಂದಿಯನ್ನು ಗಲ್ಲಿಗೇರಿಸಿದರು.

ಚಿತ್ರದ ಒಳಗೆ ಏನಿದೆ

1819ರಿಂದ ಕಾನ್‌ಸ್ಟೆಬಲ್ ಸುಮಾರು ಆರು ಅಡಿ ಅಗಲದ ದೊಡ್ಡ ಚಿತ್ರಗಳನ್ನು ವರ್ಷಕ್ಕೊಂದರಂತೆ ಪ್ರದರ್ಶನಕ್ಕೆ ಇಡತೊಡಗಿದ. ಅಷ್ಟು ದೊಡ್ಡ ಅಳತೆಯನ್ನು ರಾಜರ, ಯುದ್ಧಗಳ ಚಿತ್ರಗಳಿಗೆ ಮೀಸಲಿಡುತ್ತಿದ್ದರು. ಆತ ಅದನ್ನು ದೋಣಿ ಎಳೆಯುವ ಕುದುರೆಗೆ, ಲಾಕ್ ತೆರೆಯುವ ಆಳಿಗೆ, ಹುಲ್ಲಿನ ಬಂಡಿಗೆ ಕೊಟ್ಟ. ಯಾವ ವಸ್ತುವಿಗೆ ಎಷ್ಟು ಜಾಗ ಸಲ್ಲಬೇಕು ಎಂಬ ಲೆಕ್ಕವನ್ನು ಬದಲಿಸಿದ ಈ ನಡೆಯನ್ನೂ ನಾನು ಸಾಮಾಜಿಕ ಎಂದೇ ಕರೆಯುತ್ತೇನೆ.

ಹುಲ್ಲಿನ ಬಂಡಿ ಈ ಸಾಲಿನ ಮೂರನೆಯ ಚಿತ್ರ. 130 ಸೆಂಟಿಮೀಟರ್ ಎತ್ತರ, 185 ಸೆಂಟಿಮೀಟರ್ ಅಗಲ. ಹಳೆಯ ರೇಖಾಚಿತ್ರಗಳನ್ನು ನೋಡಿಕೊಂಡು ಲಂಡನ್ನಿನ ಮನೆಯಲ್ಲಿ ಕುಳಿತು ಬರೆದದ್ದು. 1821ರಲ್ಲಿ ಮಧ್ಯಾಹ್ನದ ನಿಸರ್ಗದೃಶ್ಯ ಎಂಬ ಅರ್ಥದ ಹೆಸರಿನಲ್ಲಿ ಪ್ರದರ್ಶನಕ್ಕೆ ಬಂದಾಗ ಯಾರೂ ಕೊಳ್ಳಲಿಲ್ಲ. ಸ್ಥಳ ಫ್ಲ್ಯಾಟ್‌ಫರ್ಡ್, ತಂದೆಯ ಗಿರಣಿಯ ಪಕ್ಕ. ಎಡಕ್ಕೆ ವಿಲ್ಲಿ ಲಾಟ್ ಎಂಬ ರೈತನ ಮನೆ. ನಡುವೆ ಆಳವಿಲ್ಲದ ನೀರಿನಲ್ಲಿ ಮೂರು ಕುದುರೆ ಕಟ್ಟಿದ ಬಂಡಿ. ಈಚೆ ದಡದಲ್ಲಿ ನಾಯಿ, ಮನೆಯ ಮುಂದೆ ನೀರಿಗೆ ಬಾಗಿದ ಹೆಂಗಸು, ಬಲಕ್ಕೆ ದೋಣಿಯ ಬಳಿ ಮೀನು ಹಿಡಿಯುವವನು. ಬಂಡಿ ಖಾಲಿ ಇದೆ ಎಂಬುದನ್ನು ನಾನು ಹತ್ತು ಸಲ ನೋಡಿದ ಮೇಲೆ ಗಮನಿಸಿದೆ. ಅದು ಹುಲ್ಲು ತುಂಬಿಕೊಳ್ಳಲು ಹೊರಟಿದೆ. ಹುಲ್ಲು ಇರುವುದು ಹುಡುಗಿ ಬೆರಳಿಟ್ಟ ಆ ದೂರದ ಗದ್ದೆಯಲ್ಲಿ. ಅಲ್ಲಿ ಒಬ್ಬ ಕುಡುಗೋಲು ಮಸೆಯುತ್ತಿದ್ದಾನೆ, ಕೆಲವರು ಇನ್ನೊಂದು ಬಂಡಿಗೆ ಹುಲ್ಲು ಹೇರುತ್ತಿದ್ದಾರೆ. ಇಡೀ ದೃಶ್ಯಕ್ಕೆ ಕಾರಣವಾದ ಕೆಲಸ ನಡೆಯುತ್ತಿರುವುದು ಅಲ್ಲಿ. ಚಿತ್ರದಲ್ಲಿ ಅದಕ್ಕೆ ಸಿಕ್ಕಿರುವುದು ಮಾತ್ರ ಕೆಲವು ಬಿಳಿ ಚುಕ್ಕೆ.

ಚಿತ್ರದ ಹೊರಗೆ ಏನಿತ್ತು

ಆ ಗದ್ದೆ ಯಾರದ್ದು ಎಂಬ ಪ್ರಶ್ನೆಗೆ ಉತ್ತರ ಹುಡುಕುವಾಗ ಎನ್‌ಕ್ಲೋಷರ್ ಎಂಬ ಪದ ಎದುರಾಯಿತು. ಇಂಗ್ಲೆಂಡಿನ ಹಳ್ಳಿಗಳಲ್ಲಿ ನಮ್ಮ ಗೋಮಾಳವನ್ನು ಹೋಲುವ ಸಾಮೂಹಿಕ ಜಮೀನುಗಳಿದ್ದವು. ಬಡವರು ಅಲ್ಲಿ ದನ ಮೇಯಿಸಿಕೊಂಡು, ಸೌದೆ ಆರಿಸಿಕೊಂಡು ಬದುಕುತ್ತಿದ್ದರು. ಪಾರ್ಲಿಮೆಂಟಿನ ಕಾಯ್ದೆಗಳ ಮೂಲಕ ಈ ಜಮೀನುಗಳಿಗೆ ಬೇಲಿ ಹಾಕಿ ಖಾಸಗಿ ಒಡೆತನಕ್ಕೆ ಹಂಚಿದರು. 1604ರಿಂದ 1914ರವರೆಗೆ ಇಂಥ 5,200ಕ್ಕೂ ಹೆಚ್ಚು ಕಾಯ್ದೆಗಳು ಬಂದು, ಸುಮಾರು 68 ಲಕ್ಷ ಎಕರೆ ಜಮೀನು ಬೇಲಿಯೊಳಗೆ ಹೋಯಿತು. ಈ ಕೆಲಸ ಅತ್ಯಂತ ಚುರುಕಾಗಿ ನಡೆದದ್ದು ಕಾನ್‌ಸ್ಟೆಬಲ್‌ನ ಕಾಲದಲ್ಲೇ. ಆತನ ಹಳ್ಳಿಯ ಸಾಮೂಹಿಕ ಜಮೀನಿಗೂ 1810ರ ದಶಕದಲ್ಲಿ ಬೇಲಿ ಬಿತ್ತು. ಬೇಲಿಯಿಂದ ಇಳುವರಿ ಹೆಚ್ಚಿತು ಎಂಬುದೂ ನಿಜ, ದನ ಮೇಯಿಸುವ ಹಕ್ಕು ಕಳೆದುಕೊಂಡವರು ದಿನಗೂಲಿಗೆ ಬಿದ್ದರು ಎಂಬುದೂ ನಿಜ.

ನೆಪೋಲಿಯನ್ ಜೊತೆಗಿನ ಯುದ್ಧ 1815ರಲ್ಲಿ ಮುಗಿದಾಗ ಧಾನ್ಯದ ಬೆಲೆ ಕುಸಿಯುವ ಭಯ ಜಮೀನುದಾರರಿಗೆ ಹತ್ತಿತು. ಸ್ವದೇಶಿ ಗೋಧಿಯ ಬೆಲೆ ಒಂದು ಕ್ವಾರ್ಟರ್ ಅಳತೆಗೆ 80 ಶಿಲ್ಲಿಂಗ್ ಮುಟ್ಟುವವರೆಗೆ ಹೊರಗಿನ ಗೋಧಿ ಬರಕೂಡದು ಎಂಬ ಕಾಯ್ದೆ ಅದೇ ವರ್ಷ ಬಂತು. ಯುದ್ಧದಿಂದ ಮರಳಿದ ಸೈನಿಕರು ಕೂಲಿಗೆ ನಿಂತರು. ಚಳಿಗಾಲದ ಕೂಲಿಯಾಗಿದ್ದ ಒಕ್ಕಣೆಯನ್ನು ಯಂತ್ರಗಳು ಕಸಿದುಕೊಂಡವು. ಹುಲ್ಲಿನ ಬಂಡಿ ಪ್ರದರ್ಶನವಾದ ಮರುವರ್ಷ, 1822ರಲ್ಲಿ, ಸಫೋಕ್ ಮತ್ತು ನಾರ್‌ಫೋಕ್‌ನಲ್ಲಿ ಒಕ್ಕಣೆ ಯಂತ್ರಗಳನ್ನು ಮುರಿದರು, ಬಣವೆಗಳಿಗೆ ಬೆಂಕಿ ಹಚ್ಚಿದರು. ರಾತ್ರಿಯ ಹೊತ್ತು ಎಲ್ಲಾದರೊಂದು ಕಡೆ ಬೆಂಕಿ ಕಾಣುತ್ತಲೇ ಇರುತ್ತದೆ ಎಂಬ ಸುದ್ದಿ ಊರಿನಲ್ಲಿದ್ದ ತಮ್ಮನಿಂದ ಕಾನ್‌ಸ್ಟೆಬಲ್‌ಗೆ ತಲುಪಿತ್ತು. ಅದನ್ನು ಆತ ಗೆಳೆಯನಿಗೆ ಬರೆದ ಪತ್ರದಲ್ಲೂ ಹೇಳಿದ್ದಾನೆ. ಅಂದರೆ ಆತನಿಗೆ ಗೊತ್ತಿತ್ತು. ಚಿತ್ರಗಳಲ್ಲಿ ಮಾತ್ರ ಬೆಂಕಿ ಇಲ್ಲ.

ಇಲ್ಲಿ ನನಗೆ ಕೋಪ ಬಂತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಮುಂದೆ ಓದುತ್ತಾ ಹೋದಂತೆ ಅಷ್ಟು ಸುಲಭವಾಗಿ ತೀರ್ಪು ಕೊಡುವಂತಿಲ್ಲ ಎನ್ನಿಸಿತು. ಕಾನ್‌ಸ್ಟೆಬಲ್ ಸಂಪ್ರದಾಯವಾದಿ. ಮತದಾನದ ಹಕ್ಕನ್ನು ವಿಸ್ತರಿಸಿದ 1832ರ ಸುಧಾರಣಾ ಕಾಯ್ದೆಗೆ ಆತ ಹೆದರಿದ್ದ. ಎಲ್ಲರೂ ಅವರವರ ಜಾಗದಲ್ಲಿ ನೆಮ್ಮದಿಯಾಗಿರುವ ಹಳ್ಳಿ ಆತನ ಕನಸು. ಆ ಕನಸಿನ ಹಳ್ಳಿ ಆತನ ಬಾಲ್ಯದ ನೆನಪೂ ಹೌದು. ನೆನಪಿನಿಂದ ಬರೆದದ್ದನ್ನೆಲ್ಲ ಸುಳ್ಳು ಎನ್ನಲಾಗದು. ಹಾಗೆಂದು ಅದನ್ನೇ ಅಂದಿನ ಹಳ್ಳಿಯ ಪೂರ್ತಿ ಸತ್ಯವೆಂದು ಮಕ್ಕಳಿಗೆ ತೋರಿಸಿದರೆ ತಪ್ಪು ನಮ್ಮದಾಗುತ್ತದೆ.

ಮೋಡಗಳ ಹಿಂದಿನ ಟಿಪ್ಪಣಿ

ವಿಜ್ಞಾನ ಶಿಕ್ಷಕರಿಗೆ ಈ ಜೀವನದ ಅತ್ಯಂತ ಉಪಯುಕ್ತ ಭಾಗ ಹ್ಯಾಂಪ್‌ಸ್ಟೆಡ್‌ನದು. ಮರಿಯಾಳ ಆರೋಗ್ಯಕ್ಕೆ ಒಳ್ಳೆಯ ಗಾಳಿ ಬೇಕೆಂದು 1819ರಿಂದ ಕುಟುಂಬ ಲಂಡನ್ನಿನ ಅಂಚಿನ ಈ ಎತ್ತರದ ಜಾಗಕ್ಕೆ ಹೋಗುತ್ತಿತ್ತು. 1821 ಮತ್ತು 1822ರಲ್ಲಿ ಆತ ಅಲ್ಲಿ ಬಯಲಿನಲ್ಲಿ ಕುಳಿತು ಆಕಾಶವೊಂದನ್ನೇ ಹತ್ತಾರು ಸಲ ಎಣ್ಣೆಬಣ್ಣದಲ್ಲಿ ಬರೆದ. ಹಾಳೆಗಳ ಹಿಂಬದಿಯಲ್ಲಿ ದಿನಾಂಕ, ಸಮಯ, ಗಾಳಿಯ ದಿಕ್ಕು, ಆಮೇಲೆ ಮಳೆ ಬಂತೇ ಇಲ್ಲವೇ ಎಂಬುದನ್ನು ಬರೆದಿಡುತ್ತಿದ್ದ. ನಮ್ಮ ಪ್ರಯೋಗಾಲಯದ ದಾಖಲೆ ಪುಸ್ತಕದಲ್ಲಿ ನಾವು ಬರೆಯುವುದೂ ಇದನ್ನೇ. ಲ್ಯೂಕ್ ಹೊವಾರ್ಡ್ ಮೋಡಗಳಿಗೆ ಸಿರಸ್, ಕ್ಯುಮುಲಸ್, ಸ್ಟ್ರಾಟಸ್, ನಿಂಬಸ್ ಎಂಬ ಹೆಸರುಗಳನ್ನು ಕೊಟ್ಟದ್ದು 1802ರಲ್ಲಿ. ಆ ವಿಂಗಡಣೆಯನ್ನು ವಿವರಿಸುವ ಥಾಮಸ್ ಫಾರ್‌ಸ್ಟರ್‌ನ ಪುಸ್ತಕ ಕಾನ್‌ಸ್ಟೆಬಲ್ ಬಳಿ ಇತ್ತು. ಅದರ ಅಂಚುಗಳಲ್ಲಿ ಆತ ಟಿಪ್ಪಣಿಯನ್ನೂ ಮಾಡಿಕೊಂಡಿದ್ದ.

ಮೋಡದಲ್ಲೂ ಅಧಿಕಾರದ ಮಾತು ಬರುತ್ತದೆ ಎಂಬುದಕ್ಕೆ ಒಂದು ಪ್ರಸಂಗ. ಸಾಲ್ಸ್‌ಬರಿಯ ಬಿಷಪ್ ತಮ್ಮ ತೋಟದಿಂದ ಕಾಣುವ ಕೆಥೆಡ್ರಲ್ಲಿನ ಚಿತ್ರ ಬರೆಸಿದರು. 1823ರಲ್ಲಿ ಅದು ಪ್ರದರ್ಶನಗೊಂಡಾಗ ಚರ್ಚಿನ ಮೇಲಿನ ಕಪ್ಪು ಮೋಡ ಅವರಿಗೆ ಹಿಡಿಸಲಿಲ್ಲ. ಬಿಸಿಲಿನ ಆಕಾಶವಿರುವ ಇನ್ನೊಂದು ಚಿತ್ರ ಬೇಕೆಂದರು. ಕಾನ್‌ಸ್ಟೆಬಲ್ ಬರೆಯತೊಡಗಿದ. ಅದು ಮುಗಿಯುವ ಮೊದಲೇ ಬಿಷಪ್ ತೀರಿಕೊಂಡರು. ಚಿತ್ರ ಬರೆಸುವವನು ಹಣ ಕೊಡುವಾಗ ಹವಾಮಾನವನ್ನೂ ಕೊಂಡುಕೊಳ್ಳಲು ನೋಡುತ್ತಾನೆ.

ಹುಲ್ಲಿನ ಬಂಡಿಯ ಅದೃಷ್ಟ ಖುಲಾಯಿಸಿದ್ದು ಇಂಗ್ಲೆಂಡಿನಲ್ಲಲ್ಲ. ಫ್ರಾನ್ಸಿನ ವ್ಯಾಪಾರಿಯೊಬ್ಬ ಅದನ್ನು ಇನ್ನೆರಡು ಚಿತ್ರಗಳ ಜೊತೆ 250 ಪೌಂಡಿಗೆ ಕೊಂಡು 1824ರ ಪ್ಯಾರಿಸ್ ಪ್ರದರ್ಶನದಲ್ಲಿ ಇಟ್ಟ. ಯುವ ಚಿತ್ರಕಾರರು ಬೆರಗಾದರು, ದೊರೆ ಹತ್ತನೆಯ ಚಾರ್ಲ್ಸ್ ಚಿನ್ನದ ಪದಕ ಕೊಟ್ಟ. ಕಾನ್‌ಸ್ಟೆಬಲ್ ಪ್ಯಾರಿಸ್ಸಿಗೆ ಹೋಗಲಿಲ್ಲ. ಆತ ಜೀವಮಾನದಲ್ಲಿ ಇಂಗ್ಲೆಂಡ್ ಬಿಟ್ಟು ಹೊರಗೆ ಕಾಲಿಟ್ಟವನೇ ಅಲ್ಲ.

ಬಿರುಗಾಳಿ ಮತ್ತು ಕಾಮನಬಿಲ್ಲು

1828ರ ನವೆಂಬರ್‌ನಲ್ಲಿ ಮರಿಯಾ ಕ್ಷಯದಿಂದ ತೀರಿಕೊಂಡಳು. ಏಳು ಮಕ್ಕಳನ್ನು ಆತ ಒಬ್ಬನೇ ಸಾಕಬೇಕಾಯಿತು. ಮರುವರ್ಷ, 52ನೇ ವಯಸ್ಸಿನಲ್ಲಿ, ಒಂದೇ ಒಂದು ಮತದ ಅಂತರದಿಂದ ರಾಯಲ್ ಅಕಾಡೆಮಿಯ ಪೂರ್ಣ ಸದಸ್ಯನಾದ. ಆಕೆ ಇಲ್ಲದ ಮೇಲೆ ಬಂದ ಗೌರವ ಅದು.

1830ರಲ್ಲಿ ದಕ್ಷಿಣ ಮತ್ತು ಪೂರ್ವ ಇಂಗ್ಲೆಂಡಿನ ಕೂಲಿಕಾರರ ದಂಗೆ ಮತ್ತೆ ಭುಗಿಲೆದ್ದಿತು. ಕ್ಯಾಪ್ಟನ್ ಸ್ವಿಂಗ್ ಎಂಬ ಕಲ್ಪಿತ ನಾಯಕನ ಹೆಸರಿನಲ್ಲಿ ಬೆದರಿಕೆ ಪತ್ರಗಳು ಹೋದವು. ಕೊನೆಗೆ 19 ಮಂದಿಗೆ ಗಲ್ಲಾಯಿತು, ಸುಮಾರು 500 ಮಂದಿಯನ್ನು ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಿದರು. ಮರುವರ್ಷ, 1831ರಲ್ಲಿ, ಕಾನ್‌ಸ್ಟೆಬಲ್ ಹುಲ್ಲುಗಾವಲಿನಿಂದ ಕಾಣುವ ಸಾಲ್ಸ್‌ಬರಿ ಕೆಥೆಡ್ರಲ್ಲಿನ ದೊಡ್ಡ ಚಿತ್ರವನ್ನು ಪ್ರದರ್ಶಿಸಿದ. ಚರ್ಚಿನ ಮೇಲೆ ಕರಿಮೋಡ, ಮಿಂಚು, ಎಲ್ಲವನ್ನೂ ಬಳಸಿ ನಿಂತ ಕಾಮನಬಿಲ್ಲು. ಕಾಮನಬಿಲ್ಲು ಸೂರ್ಯನಿಗೆ ಎದುರು ದಿಕ್ಕಿನಲ್ಲೇ ಮೂಡಬೇಕು. ಈ ಚಿತ್ರದ ಬೆಳಕಿಗೂ ಬಿಲ್ಲಿಗೂ ತಾಳೆಯಾಗುವುದಿಲ್ಲ ಎಂದು ತಿಳಿದವರು ತೋರಿಸಿದ್ದಾರೆ. ಗಾಳಿಯ ದಿಕ್ಕನ್ನೂ ಬರೆದಿಡುತ್ತಿದ್ದ ಮನುಷ್ಯ ಇದನ್ನು ಅರಿಯದೆ ಮಾಡಿರಲಾರ. ಹೆಂಡತಿಯನ್ನು ಕಳೆದುಕೊಂಡವನ ದುಃಖ, ತನ್ನ ಚರ್ಚಿಗೂ ಹಳೆಯ ವ್ಯವಸ್ಥೆಗೂ ಏನಾಗುವುದೋ ಎಂಬ ಅಂಜಿಕೆ, ಕೊನೆಗೆ ಒಳ್ಳೆಯದಾಗಲಿ ಎಂಬ ಆಸೆ, ಇವೆಲ್ಲ ಅಲ್ಲಿ ಬೆರೆತಿವೆ ಎಂದು ನನಗೆ ಅನ್ನಿಸುತ್ತದೆ. ಹುಲ್ಲಿನ ಬಂಡಿಯಲ್ಲಿ ಹೊರಗಿಟ್ಟ ಬಿರುಗಾಳಿ ಹತ್ತು ವರ್ಷಗಳಲ್ಲಿ ಆಕಾಶಕ್ಕೆ ಬಂದೇ ಬಂತು.

ಶಿಕ್ಷಕನ ಕೆಲಸ ಬೇಡವೆಂದವನು ಕೊನೆಯ ವರ್ಷಗಳಲ್ಲಿ ತಾನಾಗಿ ಪಾಠಕ್ಕೆ ನಿಂತ. 1836ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ನಿಸರ್ಗಚಿತ್ರದ ಇತಿಹಾಸದ ಬಗ್ಗೆ ನಾಲ್ಕು ಉಪನ್ಯಾಸ ಕೊಟ್ಟ. ಮೈಕೆಲ್ ಫ್ಯಾರಡೆ ಕೆಲಸ ಮಾಡುತ್ತಿದ್ದ ಸಂಸ್ಥೆ ಅದು. ಚಿತ್ರಕಲೆಯೂ ಒಂದು ವಿಜ್ಞಾನ, ನಿಸರ್ಗಚಿತ್ರಗಳನ್ನು ಆ ವಿಜ್ಞಾನದ ಪ್ರಯೋಗಗಳೆಂದು ನೋಡಬೇಕು ಎಂಬುದು ಅಲ್ಲಿ ಆತನ ವಾದವಾಗಿತ್ತು. 1837ರ ಮಾರ್ಚ್ 31ರ ರಾತ್ರಿ, 60ನೇ ವಯಸ್ಸಿನಲ್ಲಿ ತೀರಿಕೊಂಡ. ಹ್ಯಾಂಪ್‌ಸ್ಟೆಡ್ ಚರ್ಚಿನ ಅಂಗಳದಲ್ಲಿ ಮರಿಯಾಳ ಸಮಾಧಿಯಲ್ಲೇ ಆತನನ್ನೂ ಮಣ್ಣು ಮಾಡಿದರು.

ಹುಲ್ಲಿನ ಬಂಡಿ 1886ರಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿ ಸೇರಿತು. ಮುಂದೆ ಅದು ಕ್ಯಾಲೆಂಡರು, ಬಿಸ್ಕತ್ತಿನ ಡಬ್ಬಿಗಳ ಮೇಲೆಲ್ಲ ಬಂದು, ಇಂಗ್ಲೆಂಡ್ ಎಂದರೆ ಹೀಗೆ ಎಂಬ ಗುರುತಾಯಿತು. ಹಾಗಾಗಿಯೇ ಪ್ರತಿಭಟಿಸುವವರಿಗೂ ಅದೇ ಚಿತ್ರ ಬೇಕಾಯಿತು. 1980ರಲ್ಲಿ ಪೀಟರ್ ಕೆನ್ನಾರ್ಡ್ ಎಂಬ ಕಲಾವಿದರು ಆ ಖಾಲಿ ಬಂಡಿಯಲ್ಲಿ ಕ್ಷಿಪಣಿಗಳನ್ನು ಕೂರಿಸಿ ಅಣ್ವಸ್ತ್ರದ ವಿರುದ್ಧ ಚಿತ್ರ ಮಾಡಿದರು. 2022ರ ಜುಲೈನಲ್ಲಿ ಹವಾಮಾನ ಬದಲಾವಣೆಯ ಹೋರಾಟಗಾರರಿಬ್ಬರು, ನದಿಯ ಜಾಗದಲ್ಲಿ ರಸ್ತೆ, ಆಕಾಶದಲ್ಲಿ ವಿಮಾನಗಳಿರುವ ಹಾಳೆಯನ್ನು ಅದರ ಮೇಲೆ ಹೊದಿಸಿ ಚೌಕಟ್ಟಿಗೆ ಕೈ ಅಂಟಿಸಿಕೊಂಡರು.

ಮತ್ತೆ ತರಗತಿಗೆ

ಮುಂದಿನ ವಾರ ಮಾರ್ಗದರ್ಶಕ ಶಿಕ್ಷಕರ ಅನುಮತಿ ಪಡೆದು ಅದೇ ರಟ್ಟನ್ನು ಮತ್ತೆ ತೆಗೆದುಕೊಂಡು ಹೋದೆ. ಈ ಸಲ ಪಾಠ ಯೋಜನೆಯಲ್ಲಿ ಮೂರೇ ಪ್ರಶ್ನೆ. ಈ ಚಿತ್ರದಲ್ಲಿ ಏನೇನು ಕಾಣುತ್ತದೆ? ಯಾರು ಕೆಲಸ ಮಾಡುತ್ತಿದ್ದಾರೆ, ಯಾರಿಗಾಗಿ? ಇಲ್ಲಿ ಇರಬೇಕಿದ್ದು ಕಾಣದೇ ಇರುವುದು ಏನು? ಮೊದಲ ಹತ್ತು ನಿಮಿಷ ನಾನು ಏನನ್ನೂ ಹೇಳಬಾರದು ಎಂದು ನನಗೆ ನಾನೇ ಷರತ್ತು ಹಾಕಿಕೊಂಡಿದ್ದೆ. ಬೇಲಿಯ ಕಥೆಯನ್ನೂ ಬೆಂಕಿಯ ಕಥೆಯನ್ನೂ ನಾನೇ ಮೊದಲು ಹೇಳಿದ್ದರೆ ಮಕ್ಕಳು ಚಿತ್ರ ನೋಡುವುದನ್ನು ಬಿಟ್ಟು ನನ್ನ ಮಾತನ್ನು ಬರೆದುಕೊಳ್ಳುತ್ತಿದ್ದರು. ರಾಶಿ ಮೋಡದ ಹೆಸರು ಹೇಳಿಕೊಟ್ಟಂತೆಯೇ ಅದೂ ಒಂದು ಬಾಯಿಪಾಠ ಆಗುತ್ತಿತ್ತು.

ಸುಗ್ಗಿ ಕೆಲಸ ಅಂದರೆ ಇಷ್ಟು ಸದ್ದಿಲ್ಲದೆ ಇರುವುದಿಲ್ಲ ಎಂದು ಒಬ್ಬ ಹೇಳಿದ. ಯಾರಿಗೂ ಬೆವರಿಲ್ಲ ಎಂದಳು ಇನ್ನೊಬ್ಬಳು. ನೆನಪಿನಿಂದ ಬರೆದಿರಬೇಕು, ನೆನಪಿನಲ್ಲಿ ಊರು ಯಾವಾಗಲೂ ಚೆನ್ನಾಗಿಯೇ ಇರುತ್ತದೆ ಎಂದು ತಾಲ್ಲೂಕು ಬದಲಿಸಿ ಬಂದ ಹುಡುಗನೊಬ್ಬ ಹೇಳಿದ. ಅದಾದ ಮೇಲೆ ನಾನು ಗಿರಣಿ ಮಾಲೀಕರ ಮಗನ ಕಥೆ ಹೇಳಿದೆ. ಹೋದ ವಾರ ನಾನು ಕೂರಿಸಿದ್ದ ಹುಡುಗಿಗೆ, ನಿನ್ನ ಪ್ರಶ್ನೆಯಿಂದಲೇ ಇದೆಲ್ಲ ನನಗೆ ಗೊತ್ತಾಯಿತು ಎಂದು ಎಲ್ಲರ ಮುಂದೆ ಹೇಳಿದೆ. ಅವಳು ಮತ್ತೆ ಎದ್ದು ಬಂದು ಚುಕ್ಕೆಗಳನ್ನು ಎಣಿಸತೊಡಗಿದಳು. ಪ್ರಿಂಟ್ ಅಷ್ಟು ಸ್ಪಷ್ಟವಾಗಿರಲಿಲ್ಲ. ಮುಂದಿನ ಸಲ ದೊಡ್ಡದು ತನ್ನಿ ಟೀಚರ್ ಎಂದಳು.